ದಂಡದ ಚೀಟಿ ಬಂತು, ಈಗೇನು ಮಾಡುವುದು?

ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಪಾಠ

ಪಾಠದ ಉದ್ದೇಶ: ವಾಹನ ನಿಲುಗಡೆಗೆ ಸಂಬಂಧಿಸಿದ ದಂಡದ ಚೀಟಿ ಬಂದಾಗ ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು, ನ್ಯಾಯವಾದ ತಕರಾರು ಇದ್ದರೆ ಬರವಣಿಗೆಯಲ್ಲಿ ಸಲ್ಲಿಸುವುದು, ಮೋಸದ ಸಂದೇಶಗಳಿಂದ ಹಣ ಕಾಪಾಡಿಕೊಳ್ಳುವುದು.



ಹಿಂದೆ ನಮ್ಮ ಸಂಘಗಳಲ್ಲಿ ಸಾಲ ಎಂದರೆ ಹೊಲಿಗೆ ಯಂತ್ರಕ್ಕೆ, ದನ ಕೊಳ್ಳಲಿಕ್ಕೆ, ಮಕ್ಕಳ ಶಾಲಾ ಖರ್ಚಿಗೆ. ಈಗ ಸ್ಕೂಟರಿಗೂ ಸಾಲ ತೆಗೆಯುತ್ತೇವೆ. ತಲ್ಲೂರಿನಿಂದ ಕುಂದಾಪುರಕ್ಕೆ ಹಪ್ಪಳ, ಉಪ್ಪಿನಕಾಯಿ ಕೊಂಡುಹೋಗಲು, ಬ್ಯಾಂಕಿಗೆ ಹೋಗಲು, ಮಗುವನ್ನು ಶಾಲೆಗೆ ಬಿಡಲು ಸ್ಕೂಟರ್ ಬೇಕೇ ಬೇಕು. ಸಾಲ ನಮ್ಮ ಹೆಸರಿನಲ್ಲಿ ಆದ್ದರಿಂದ ಗಾಡಿಯ ಆರ್‌ಸಿ ಕೂಡ ಹೆಚ್ಚಾಗಿ ನಮ್ಮ ಹೆಸರಿನಲ್ಲಿಯೇ ಇರುತ್ತದೆ. ಓಡಿಸುವವರು ಗಂಡನೋ ಮಗನೋ ಆಗಿರಬಹುದು, ಆದರೆ ದಂಡದ ಚೀಟಿ ಬರುವುದು ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ. ಆದ ಕಾರಣ ಇದು ಗಂಡಸರ ವಿಷಯ ಎಂದು ಬಿಟ್ಟುಬಿಡುವ ಹಾಗಿಲ್ಲ.

ವಾರಕ್ಕೆ 50 ರೂಪಾಯಿ ಉಳಿತಾಯ ಮಾಡುವ ಸದಸ್ಯೆಗೆ 500 ರೂಪಾಯಿ ದಂಡ ಎಂದರೆ ಹತ್ತು ವಾರಗಳ ಉಳಿತಾಯ. ತಪ್ಪು ನಮ್ಮದಾದರೆ ಕಟ್ಟಲೇಬೇಕು. ತಪ್ಪು ನಮ್ಮದಲ್ಲದಿದ್ದರೆ ಹೆದರಿ ಕಟ್ಟುವುದೂ ಬೇಡ, ಸುಮ್ಮನೆ ಕಿಸೆಯಲ್ಲಿ ಇಟ್ಟುಕೊಳ್ಳುವುದೂ ಬೇಡ.

ಒಂದು ಸಂಭಾಷಣೆ

(ಪ್ರೇರಕಿಯರು ಇದನ್ನು ಇಬ್ಬರು ಸದಸ್ಯೆಯರಿಂದ ಓದಿಸಬಹುದು.)

ಕಿರಿಯ ಸದಸ್ಯೆ: ಬಾಯಮ್ಮ, ಮೊಬೈಲಿಗೆ ಐನೂರು ರೂಪಾಯಿ ದಂಡ ಅಂತ ಬಂದಿತ್. ಗಾಡಿ ನಿಲ್ಸಿದ್ದ್ ತಪ್ಪಂಬ್ರ್. ಎಂತ ಮಾಡುದ್? ಕಟ್ಟಿ ಬಿಡ್ಲಾ?

ಹಿರಿಯ ಸದಸ್ಯೆ: ಹೆದ್ರ್‌ಬೇಡ ಹೆಣೇ. ಯಾರ್ ಕಳ್ಸಿದ್ದ್, ಯಾವ ಗಾಡಿಗೆ, ಯಾವತ್ತ್, ಎಲ್ಲಿ? ಅದ್ನ ಮೊದ್ಲ್ ಕಾಣ್.

ಕಿರಿಯ ಸದಸ್ಯೆ: ಪೊಲೀಸ್ರ್ ಕಳ್ಸಿದ್ ಮೇಲೆ ಅದ್ ಸಮ ಇಪ್ಪುದೇ ಅಲ್ದಾ?

ಹಿರಿಯ ಸದಸ್ಯೆ: ಅವ್ರೂ ಮನುಷ್ಯರೇ. ನಂಬ್ರ ಒಂದ್ ಆಚೀಚೆ ಆದ್ರೆ ಬೇರೆಯವ್ರ ದಂಡ ನಿಂಗೆ ಬತ್ತ್. ಕಾಣ್ದೆ ಕಟ್ಟುಕಾಗ.

ಈ ಕಿರಿಯ ಸದಸ್ಯೆಯ ಪ್ರಶ್ನೆ ನಮ್ಮೆಲ್ಲರದೂ ಹೌದು. ಉತ್ತರ ಇಷ್ಟೇ: ದಂಡದ ಚೀಟಿ ತೀರ್ಪಲ್ಲ. ಅದು ನಮ್ಮ ಮೇಲೆ ಹೊರಿಸಿದ ಒಂದು ಆರೋಪ. ಒಪ್ಪಿಕೊಂಡು ದಂಡ ಕಟ್ಟಬಹುದು, ಅಥವಾ ಒಪ್ಪದೆ ಕಾರಣ ಕೊಡಬಹುದು. ಕೊನೆಯ ತೀರ್ಮಾನ ಮಾಡುವ ಅಧಿಕಾರ ನ್ಯಾಯಾಲಯಕ್ಕೆ ಇದೆ.

ಇನ್ನೊಂದು ಮುಖ್ಯ ಮಾತು. 1988ರ ಮೋಟಾರು ವಾಹನ ಕಾಯ್ದೆಯ 200ನೇ ಕಲಂ ಪ್ರಕಾರ ಸ್ಥಳದಲ್ಲಿ ಅಥವಾ ಆನ್‌ಲೈನಿನಲ್ಲಿ ದಂಡ ಕಟ್ಟಿದರೆ ಆ ಪ್ರಕರಣ ಅಲ್ಲಿಗೇ ರಾಜಿಯಾಗಿ ಮುಗಿಯುತ್ತದೆ. ಕಟ್ಟಿದ ಮೇಲೆ "ನನ್ನದು ತಪ್ಪಿರಲಿಲ್ಲ" ಎಂದು ವಾದಿಸುವುದು ಕಷ್ಟ. ಆದ್ದರಿಂದ ಯೋಚನೆ ಮಾಡುವುದು ಕಟ್ಟುವ ಮೊದಲು.

1. ಚೀಟಿ ಅಸಲಿಯೋ ನಕಲಿಯೋ?

ಇತ್ತೀಚಿನ ವರ್ಷಗಳಲ್ಲಿ ವಾಟ್ಸ್‌ಆಪ್‌ನಲ್ಲಿ "ನಿಮ್ಮ ವಾಹನಕ್ಕೆ ದಂಡ ಬಾಕಿ ಇದೆ, ಈ ಫೈಲ್ ತೆರೆದು ನೋಡಿ" ಎಂಬ ಮೋಸದ ಸಂದೇಶಗಳು ಬಹಳ ಬರುತ್ತಿವೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದು ಇರುವ ಆ ಫೈಲನ್ನು ಮೊಬೈಲಿಗೆ ಹಾಕಿಕೊಂಡರೆ ನಮ್ಮ ಸಂದೇಶಗಳು, ಒಟಿಪಿಗಳು ಮೋಸಗಾರರ ಕೈ ಸೇರುತ್ತವೆ. ಐನೂರರ ದಂಡ ನೋಡಲು ಹೋಗಿ ಬ್ಯಾಂಕ್ ಖಾತೆಯೇ ಖಾಲಿಯಾದೀತು.

ಆದ್ದರಿಂದ ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ. ಸರ್ಕಾರದ ಪರಿವಾಹನ್ ಇ-ಚಲನ್ ಜಾಲತಾಣವನ್ನು ನೀವೇ ತೆರೆದು, ಗಾಡಿ ನಂಬ್ರ ಹಾಕಿ ನೋಡಿ. ಸರ್ಕಾರಿ ಜಾಲತಾಣದ ವಿಳಾಸ "ಡಾಟ್ ಗವ್ ಡಾಟ್ ಇನ್" ಎಂದು ಕೊನೆಗೊಳ್ಳಬೇಕು. ಇದು ಗೊತ್ತಾಗದಿದ್ದರೆ ಆರ್‌ಸಿ ಹಿಡಿದುಕೊಂಡು ನೇರ ಸಂಚಾರ ಪೊಲೀಸ್ ಠಾಣೆಗೆ ಹೋಗಿ ಕೇಳಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930 ನಂಬ್ರಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

2. ಅಸಲಿ ಚೀಟಿಯಲ್ಲಿ ಏನೇನು ನೋಡಬೇಕು?

ಗಾಡಿಯ ನಂಬ್ರ ನಮ್ಮದೇ ಹೌದೇ? ನಮ್ಮ ಉಡುಪಿ ಜಿಲ್ಲೆಯ ಗಾಡಿಗಳು ಕೆಎ 20 ಎಂದು ಆರಂಭವಾಗುತ್ತವೆ. ಅಕ್ಷರ, ಅಂಕೆ ಒಂದೊಂದನ್ನೂ ಆರ್‌ಸಿಯ ಜೊತೆ ಹೋಲಿಸಿ.

ದಿನಾಂಕ, ಸಮಯ, ಸ್ಥಳ ಯಾವುದು? ಆ ಹೊತ್ತಿಗೆ ಗಾಡಿ ಎಲ್ಲಿತ್ತು, ಯಾರ ಕೈಯಲ್ಲಿತ್ತು?

ಯಾವ ಕಲಂ ಹಾಕಿದ್ದಾರೆ? ಬೇರೆಯವರಿಗೆ ಅಪಾಯ, ಅಡ್ಡಿ ಆಗುವಂತೆ ಗಾಡಿ ನಿಲ್ಲಿಸುವುದು 122ನೇ ಕಲಂ. ನಿಲುಗಡೆ ನಿಷೇಧದ ಜಾಗದಿಂದ ಗಾಡಿ ಎತ್ತಿಕೊಂಡು ಹೋಗುವುದು 127ನೇ ಕಲಂ. ಪ್ರತ್ಯೇಕ ದಂಡ ಹೇಳದ ತಪ್ಪುಗಳಿಗೆ 177ನೇ ಕಲಂ. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಈ 177ನೇ ಕಲಂನಲ್ಲಿ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1500 ರೂಪಾಯಿವರೆಗೆ ದಂಡ ಇದೆ. ಗಾಡಿ ಎತ್ತಿಕೊಂಡು ಹೋಗಿದ್ದರೆ ಅದರ ಖರ್ಚು ಬೇರೆ.

ಫೋಟೋ ಇದೆಯೇ? ಕ್ಯಾಮೆರಾ ಮೂಲಕ ಹಾಕುವ ದಂಡಕ್ಕೆ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 167ಎ ಎಂಬ ನಿಯಮ ತಂದಿತು. ತಪ್ಪೂ ನಂಬ್ರವೂ ಸ್ಪಷ್ಟವಾಗಿ ಕಾಣುವ ಫೋಟೋ, ದಿನಾಂಕ, ಸಮಯ, ಸ್ಥಳ ಚೀಟಿಯ ಜೊತೆ ಇರಬೇಕು ಎಂದು ಅದು ಹೇಳುತ್ತದೆ. ಫೋಟೋ ನೋಡಿದರೆ ಅರ್ಧ ಸಂಶಯ ಅಲ್ಲಿಯೇ ಪರಿಹಾರವಾಗುತ್ತದೆ.

3. ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳೋಣ

"ಅಲ್ಲಿ ಬೋರ್ಡೇ ಇರಲಿಲ್ಲ" ಎನ್ನುವುದು ನಾವು ಸಾಮಾನ್ಯವಾಗಿ ಹೇಳುವ ಮಾತು. ಆದರೆ ಬೋರ್ಡ್ ಇಲ್ಲದ ಜಾಗದಲ್ಲಿಯೂ ನಿಲ್ಲಿಸಬಾರದ ಸ್ಥಳಗಳಿವೆ. ಕೇಂದ್ರ ಸರ್ಕಾರದ 2017ರ ವಾಹನ ಚಾಲನಾ ನಿಯಮಾವಳಿಯಲ್ಲಿ ಇದರ ಪಟ್ಟಿ ಇದೆ. ಕಾಲುದಾರಿಯ ಮೇಲೆ, ಪಾದಚಾರಿಗಳು ರಸ್ತೆ ದಾಟುವಲ್ಲಿ, ವೇಗವಾಗಿ ವಾಹನ ಓಡುವ ಮುಖ್ಯ ರಸ್ತೆಯ ಮೇಲೆ, ಬಸ್ ನಿಲ್ದಾಣದ ಹತ್ತಿರ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲಿನಲ್ಲಿ, ಬೇರೆಯವರ ಮನೆ ಅಂಗಡಿಯ ಗೇಟಿನ ಎದುರು, ನಿಂತಿರುವ ಇನ್ನೊಂದು ಗಾಡಿಯ ಪಕ್ಕಕ್ಕೆ ಒತ್ತಿ ನಿಲ್ಲಿಸುವಂತಿಲ್ಲ. ರಸ್ತೆಗಳು ಕೂಡುವ ಜಂಕ್ಷನ್‌ನಿಂದ 50 ಮೀಟರ್ ಒಳಗೆ, ಬೇರೆ ಸೂಚನೆ ಇಲ್ಲದಿದ್ದರೆ, ನಿಲುಗಡೆ ಇಲ್ಲ.

ನಮ್ಮ ತಲ್ಲೂರು ಪೇಟೆಯನ್ನೇ ನೋಡಿ. ರಾಷ್ಟ್ರೀಯ ಹೆದ್ದಾರಿ 66ರಿಂದ ಇನ್ನೊಂದು ರಸ್ತೆ ಇಲ್ಲಿ ಕವಲೊಡೆಯುತ್ತದೆ. "ಒಂದೇ ನಿಮಿಷ, ತರಕಾರಿ ತಕ್ಕಂಡು ಬತ್ತೆ" ಎಂದು ತಿರುವಿನಲ್ಲಿಯೇ ಗಾಡಿ ನಿಲ್ಲಿಸಿದರೆ, ತಿರುಗುವ ಬಸ್ಸಿಗೆ ಎದುರಿನಿಂದ ಬರುವ ಗಾಡಿ ಕಾಣುವುದಿಲ್ಲ. ರಸ್ತೆ ದಾಟುವ ಶಾಲಾ ಮಗು ಬಸ್ಸಿನವನಿಗೆ ಕಾಣುವುದಿಲ್ಲ. ಈ 50 ಮೀಟರ್ ನಿಯಮ ಇರುವುದು ಅದಕ್ಕಾಗಿಯೇ. ಅಂಥ ಕಡೆ ನಿಲ್ಲಿಸಿ ದಂಡ ಬಂದಿದ್ದರೆ ತಕರಾರು ಮಾಡಬೇಡಿ, ಕಟ್ಟಿ ರಶೀದಿ ತೆಗೆದುಕೊಳ್ಳಿ.

4. ತಕರಾರಿಗೆ ನ್ಯಾಯವಾದ ಕಾರಣಗಳು

ನಂಬ್ರ ತಪ್ಪಾಗಿದೆ: ಫೋಟೋದಲ್ಲಿರುವುದು ಕಾರು, ನಮ್ಮದು ಸ್ಕೂಟರ್. ಅಥವಾ ಬಣ್ಣ, ಮಾದರಿ ಬೇರೆ. ನಮ್ಮ ಗಾಡಿಯ ಫೋಟೋ ಮತ್ತು ಆರ್‌ಸಿ ಪ್ರತಿ ಸಾಕ್ಷಿ.

ಗಾಡಿ ಮಾರಿ ಆಗಿದೆ: ಮಾರುವಾಗ ನಮೂನೆ 29 ಮತ್ತು 30 ತುಂಬಿಸಿ ಆರ್‌ಟಿಒ ಕಚೇರಿಗೆ ಕೊಟ್ಟಿರಬೇಕು. ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. "ಕೊಂಡವನೇ ಮಾಡಿಸ್ತೇನೆ ಅಂದ" ಎಂದು ಬಿಟ್ಟರೆ ಅವನು ಮಾಡಿದ ತಪ್ಪಿನ ಚೀಟಿ ನಮ್ಮ ಮನೆಗೇ ಬರುತ್ತದೆ.

ಗಾಡಿ ಕಳವಾಗಿತ್ತು: ಪೊಲೀಸ್ ದೂರಿನ ಪ್ರತಿ ಬೇಕು.

ನಿಲ್ಲಿಸಲು ಅವಕಾಶವಿರುವ ಜಾಗ: ನಿಲುಗಡೆಗೆ ಗುರುತು ಮಾಡಿದ ಜಾಗದಲ್ಲಿಯೇ ನಿಲ್ಲಿಸಿದ್ದರೆ, ಅಥವಾ ನಿಷೇಧದ ಬೋರ್ಡ್ ಗಿಡಗಂಟಿಯಲ್ಲಿ ಮುಚ್ಚಿಹೋಗಿದ್ದರೆ, ಆದಷ್ಟು ಬೇಗ ಹೋಗಿ ಫೋಟೋ ತೆಗೆಯಿರಿ. ಹತ್ತಿರದಿಂದ ಒಂದು, ದೂರದಿಂದ ಒಂದು, ರಸ್ತೆಯ ಎರಡೂ ಬದಿಯಿಂದ.

ಒಂದೇ ತಪ್ಪಿಗೆ ಎರಡು ಚೀಟಿ, ಅಥವಾ ಕಟ್ಟಿ ಆದ ಮೇಲೂ ಬಾಕಿ ತೋರಿಸುವುದು: ರಶೀದಿ ಸಾಕ್ಷಿ.

ಅನಿವಾರ್ಯ ಸಂದರ್ಭ: ಗಾಡಿ ಕೆಟ್ಟು ನಿಂತಿತ್ತು, ರೋಗಿಯನ್ನು ಇಳಿಸಬೇಕಿತ್ತು. ಇದರಿಂದ ದಂಡ ತಾನಾಗಿ ರದ್ದಾಗುವುದಿಲ್ಲ. ಆದರೆ ಗ್ಯಾರೇಜಿನ ಬಿಲ್ಲು, ಆಸ್ಪತ್ರೆಯ ಚೀಟಿ ಇದ್ದರೆ ಅಧಿಕಾರಿ ಅಥವಾ ನ್ಯಾಯಾಧೀಶರ ಮುಂದೆ ಇಟ್ಟು ವಿನಂತಿ ಮಾಡಿಕೊಳ್ಳಬಹುದು.

ಗಮನಿಸಿ: ಗಾಡಿಯನ್ನು ಮಗ ಓಡಿಸಿದ್ದರೆ "ನನಗೆ ಗೊತ್ತಿಲ್ಲ" ಎನ್ನಬೇಡಿ. ಓಡಿಸಿದವರು ಯಾರೆಂದು ಪೊಲೀಸರು ಕೇಳಿದಾಗ ತಿಳಿಸುವುದು 133ನೇ ಕಲಂ ಪ್ರಕಾರ ಮಾಲೀಕರ ಕರ್ತವ್ಯ.

5. ತಕರಾರು ಸಲ್ಲಿಸುವ ಕ್ರಮ

ಬಾಯಿ ಮಾತಿನಲ್ಲಿ ಹೇಳಿ ಬರುವುದು ಸಾಲದು. ಇಂದು ಕೇಳಿಸಿಕೊಂಡ ಅಧಿಕಾರಿ ನಾಳೆ ವರ್ಗವಾಗಿ ಹೋಗಬಹುದು. ಬರೆದುಕೊಟ್ಟದ್ದು ಉಳಿಯುತ್ತದೆ. ಚೀಟಿಯಲ್ಲಿ ಯಾವ ಠಾಣೆಯ ಹೆಸರಿದೆಯೋ ಆ ಠಾಣೆಗೆ ಅರ್ಜಿ ಕೊಡಿ. ಇ-ಚಲನ್ ಜಾಲತಾಣದಲ್ಲಿಯೂ ದೂರು ಸಲ್ಲಿಸಲು ಅವಕಾಶವಿದೆ. ಚೀಟಿಯಲ್ಲಿ ಹೇಳಿದ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಮೊದಲೇ ಕೊಡಿ.

ಮಾದರಿ ಅರ್ಜಿ

ಇವರಿಗೆ,
ಠಾಣಾಧಿಕಾರಿಯವರು,
.............. ಪೊಲೀಸ್ ಠಾಣೆ.

ವಿಷಯ: ಚಲನ್ ಸಂಖ್ಯೆ ........, ದಿನಾಂಕ ........ ರದ್ದುಪಡಿಸುವ ಬಗ್ಗೆ.

ಮಾನ್ಯರೇ,
ನಾನು ಕೆಎ 20 ........ ವಾಹನದ ಮಾಲೀಕಳು. ಮೇಲ್ಕಂಡ ಚಲನ್‌ನಲ್ಲಿ ನನ್ನ ವಾಹನವನ್ನು ........ ಎಂಬಲ್ಲಿ ದಿನಾಂಕ ........ರಂದು ........ ಗಂಟೆಗೆ ನಿಲ್ಲಿಸಿರುವುದಾಗಿ ತಿಳಿಸಲಾಗಿದೆ. ಈ ಆರೋಪವನ್ನು ನಾನು ಒಪ್ಪುವುದಿಲ್ಲ. ಕಾರಣ: ........................ ಇದಕ್ಕೆ ಆಧಾರವಾಗಿ ಈ ಕೆಳಗಿನ ದಾಖಲೆಗಳನ್ನು ಲಗತ್ತಿಸಿದ್ದೇನೆ. ದಯವಿಟ್ಟು ಪರಿಶೀಲಿಸಿ, ಚಲನ್ ರದ್ದುಪಡಿಸಿ, ತಮ್ಮ ತೀರ್ಮಾನವನ್ನು ಬರವಣಿಗೆಯಲ್ಲಿ ತಿಳಿಸಬೇಕಾಗಿ ವಿನಂತಿ.

ಲಗತ್ತು: 1) ಚಲನ್ ಪ್ರತಿ 2) ಆರ್‌ಸಿ ಪ್ರತಿ 3) ಫೋಟೋ ........
ಸಹಿ, ಹೆಸರು, ವಿಳಾಸ, ಮೊಬೈಲ್, ದಿನಾಂಕ

ಕಾರಣ ಬರೆಯುವಾಗ ಎರಡು ಮೂರು ವಾಕ್ಯ ಸಾಕು. ಅಳು, ಸಿಟ್ಟು, ಮನೆಯ ಕಷ್ಟ ಎಲ್ಲ ಬರೆದರೆ ಮುಖ್ಯ ವಿಷಯ ಮರೆಯಾಗುತ್ತದೆ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು, ಸಹಿ ಹಾಕಿಸಿಕೊಳ್ಳಿ. ಮೂಲ ದಾಖಲೆ ಕೊಡಬೇಡಿ, ಪ್ರತಿ ಮಾತ್ರ ಕೊಡಿ.

6. ಅರ್ಜಿ ಒಪ್ಪದಿದ್ದರೆ?

ಆಗ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ಕೆಲವು ಪ್ರಕರಣಗಳು ವರ್ಚುವಲ್ ಕೋರ್ಟಿಗೆ ಹೋಗುತ್ತವೆ. ಅಲ್ಲಿ ಮೊಬೈಲಿನಲ್ಲಿಯೇ ಎರಡು ದಾರಿ ತೋರಿಸುತ್ತಾರೆ: ದಂಡ ಕಟ್ಟುವುದು, ಅಥವಾ ಪ್ರಕರಣವನ್ನು ಎದುರಿಸುವುದು. ಎದುರಿಸುತ್ತೇನೆ ಎಂದರೆ ಅದು ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಸಮನ್ಸ್ ಬಂದರೆ ತಪ್ಪದೆ ಹೋಗಬೇಕು.

"ಐನೂರು ರೂಪಾಯಿಗೆ ವಕೀಲರಿಗೆ ಐದು ಸಾವಿರ ಕೊಡುವುದಾ?" ಎಂದು ಕೇಳುವಿರಿ. ಇಲ್ಲಿ ಮಹಿಳೆಯರಿಗೆ ದೊಡ್ಡದೊಂದು ಹಕ್ಕು ಇದೆ, ನಮ್ಮಲ್ಲಿ ಅನೇಕರಿಗೆ ಅದು ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಗೆ ಉಚಿತ ಕಾನೂನು ನೆರವು ಸಿಗುತ್ತದೆ. ಆಕೆಯ ಆದಾಯ ಎಷ್ಟು ಎಂಬ ಮಿತಿ ಇಲ್ಲ. ಬಿಪಿಎಲ್ ಕಾರ್ಡ್ ಇಲ್ಲವೆಂದು ಹಿಂದೆ ಸರಿಯಬೇಕಾಗಿಲ್ಲ. ಕುಂದಾಪುರದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಉಡುಪಿಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ಫೋನಿನಲ್ಲಿ ಕೇಳುವುದಾದರೆ 15100.

ಲೋಕ ಅದಾಲತ್ತಿನಲ್ಲಿಯೂ ರಾಜಿಯಾಗಿ ಮುಗಿಸಿಕೊಳ್ಳಬಹುದು. ಅಲ್ಲಿ ಕೋರ್ಟ್ ಶುಲ್ಕ ಇಲ್ಲ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ್ದಕ್ಕೆ ಮೇಲ್ಮನವಿಯೂ ಇಲ್ಲ, ಓದಿ ನೋಡಿಯೇ ಸಹಿ ಹಾಕಿ.

ಕರ್ನಾಟಕ ಸರ್ಕಾರ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇಕಡಾ 50 ರಿಯಾಯಿತಿ ಕೊಟ್ಟಿತ್ತು. ಹಾಗೆಂದು ಮುಂದಿನ ರಿಯಾಯಿತಿಗಾಗಿ ಕಾದು ಕುಳಿತುಕೊಳ್ಳುವುದು ಜಾಣತನವಲ್ಲ. ಬಾಕಿ ಇರುವ ಚೀಟಿ ಕೋರ್ಟಿಗೆ ಹೋಗಬಹುದು, ಗಾಡಿ ಮಾರುವಾಗ ತೊಡಕಾಗಬಹುದು.

7. ವಸತಿ ಸಮುಚ್ಚಯದ ಒಳಗೆ ದಂಡ ಹಾಕಿದರೆ?

ನಮ್ಮ ಊರಿನ ಮಕ್ಕಳು ಬೆಂಗಳೂರು, ಮುಂಬೈಗಳಲ್ಲಿ ಫ್ಲ್ಯಾಟುಗಳಲ್ಲಿ ಇದ್ದಾರೆ. ಹೆರಿಗೆ ಬಾಣಂತನಕ್ಕೆಂದು, ಹಬ್ಬಕ್ಕೆಂದು ನಾವು ಹೋಗುತ್ತೇವೆ. ಅಲ್ಲಿ "ಅತಿಥಿಗಳ ಗಾಡಿ ಇಲ್ಲಿ ನಿಲ್ಲಿಸಬಾರದು" ಎಂದು ಕಾವಲುಗಾರ ಚಕ್ರಕ್ಕೆ ಬೀಗ ಹಾಕಿ, ಹಣ ಕೊಟ್ಟರೆ ಮಾತ್ರ ಬಿಡುತ್ತೇನೆ ಎನ್ನುವುದುಂಟು. ಇದು ಪೊಲೀಸರ ಚಲನ್ ಅಲ್ಲ. ನಿವಾಸಿಗಳ ಸಂಘ ತನ್ನ ಬೈಲಾ ಪ್ರಕಾರ ಕೇಳುವ ಹಣ. ಬೈಲಾ ಸಂಘದ ಸದಸ್ಯರನ್ನು ಕಟ್ಟಿಹಾಕುತ್ತದೆ. ಬಂದ ಅತಿಥಿ ಸದಸ್ಯೆಯಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು: ಯಾವ ಬೈಲಾದಲ್ಲಿ ಈ ದಂಡ ಇದೆ? ಅದನ್ನು ಯಾವ ಸಭೆಯಲ್ಲಿ ಮಂಜೂರು ಮಾಡಲಾಯಿತು? ಗೇಟಿನಲ್ಲಿ ಕಾಣುವಂತೆ ಬರೆದಿದೆಯೇ? ರಶೀದಿ ಕೊಡುತ್ತೀರಾ?

ಬೀಗ ಒಡೆಯಬೇಡಿ, ಜಗಳ ಬೇಡ. ಫೋಟೋ ತೆಗೆದುಕೊಳ್ಳಿ. ಅವಸರಕ್ಕೆ ಕಟ್ಟಲೇಬೇಕಾದರೆ ರಶೀದಿಯ ಮೇಲೆ "ತಕರಾರು ಕಾಯ್ದಿರಿಸಿ ಕಟ್ಟಿದ್ದೇನೆ" ಎಂದು ಬರೆದು ಸಹಿ ಹಾಕಿ. ಅನಂತರ ಆ ಮನೆಯಲ್ಲಿ ವಾಸವಿರುವ ಮಗಳೋ ಮಗನೋ ಸಂಘದ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಕೊಡಲಿ. ಬೆದರಿಕೆ ಹಾಕಿದರೆ 112ಕ್ಕೆ ಕರೆ ಮಾಡಬಹುದು.

ಇಂಗ್ಲೆಂಡಿಗೆ ನರ್ಸ್ ಕೆಲಸಕ್ಕೆ ಹೋದ ಹೆಣ್ಣು ಮಕ್ಕಳೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಅಲ್ಲಿ ವಸತಿ ಸಮುಚ್ಚಯಗಳ ನಿಲುಗಡೆಯನ್ನು ಹಲವೆಡೆ ಖಾಸಗಿ ಕಂಪೆನಿಗಳು ನೋಡಿಕೊಳ್ಳುತ್ತವೆ. ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಅಕ್ಟೋಬರ್ 1ರಿಂದ ನಿಷೇಧಿಸಿದ್ದಾರೆ. ಕಂಪೆನಿಯವರು ಗಾಜಿನ ಮೇಲೆ ಚೀಟಿ ಅಂಟಿಸುತ್ತಾರೆ. ಅದು ಕೂಡ ನೋಡಲು ಸರ್ಕಾರಿ ದಂಡದಂತೆ ಕಂಡರೂ ಸರ್ಕಾರದ್ದಲ್ಲ. ಮೊದಲು ಆ ಕಂಪೆನಿಗೇ ಮೇಲ್ಮನವಿ, ಅವರು ಒಪ್ಪದಿದ್ದರೆ ಕಂಪೆನಿ ಸೇರಿರುವ ಒಕ್ಕೂಟದ ಮೇಲ್ಮನವಿ ವ್ಯವಸ್ಥೆ, ಕೊನೆಗೆ ನ್ಯಾಯಾಲಯ.

2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ನ್ಯಾಯಾಲಯದಲ್ಲಿ ಇಂಥದೇ ಒಂದು ಪ್ರಕರಣ ನಡೆಯಿತು. ತಾನು ವಾಸವಿದ್ದ ಕಟ್ಟಡದ ಬಾಗಿಲಲ್ಲಿ ಒಬ್ಬ ಮಹಿಳೆ ಭಾರದ ಪೀಠೋಪಕರಣ ಇಳಿಸಲು ಕೆಲವೇ ನಿಮಿಷ ಕಾರು ನಿಲ್ಲಿಸಿದ್ದರು. ಕಂಪೆನಿ ಚೀಟಿ ಅಂಟಿಸಿ, ಹಣಕ್ಕಾಗಿ ದಾವೆ ಹೂಡಿ, ಕೆಳಗಿನ ಹಂತದಲ್ಲಿ ಗೆದ್ದಿತು. ಆಕೆ ಅಷ್ಟಕ್ಕೇ ಬಿಡದೆ ಮೇಲ್ಮನವಿ ಹಾಕಿದರು. ಸಾಮಾನು ಇಳಿಸಲು ಸ್ವಲ್ಪ ಹೊತ್ತು ನಿಲ್ಲಿಸುವುದು ಬೇರೆ, ಗಾಡಿಯನ್ನು ಬಿಟ್ಟುಹೋಗುವ ನಿಲುಗಡೆ ಬೇರೆ ಎಂದು ನ್ಯಾಯಾಧೀಶರು ಹೇಳಿದರು. ನಿವಾಸಿಯಾಗಿ ಮನೆಯ ಬಾಗಿಲಿಗೆ ಬಂದು ಹೋಗುವ ಆಕೆಯ ಹಕ್ಕನ್ನು ಕಂಪೆನಿಯ ಬೋರ್ಡು ಕಿತ್ತುಕೊಳ್ಳಲಾರದು ಎಂದು ತೀರ್ಪಾಯಿತು. ಆಕೆಗೆ ಜಯವಾಯಿತು. ಆ ತೀರ್ಪು ನಮ್ಮ ದೇಶಕ್ಕೆ ಅನ್ವಯವಾಗುವುದಿಲ್ಲ. ಆದರೆ ಬಾಡಿಗೆ ಕರಾರು, ಮನೆಯ ಪತ್ರ ಓದಿ ಅದರಲ್ಲಿ ನಮಗೆ ಏನು ಹಕ್ಕಿದೆ ಎಂದು ನೋಡಬೇಕು ಎಂಬ ಪಾಠ ಎಲ್ಲ ಕಡೆಗೂ ಒಂದೇ.

ಕೊನೆಯ ಮಾತು

ದೊಡ್ಡವರ ಎದುರು ಪ್ರಶ್ನೆ ಕೇಳುವುದು ಅಹಂಕಾರ ಎಂಬ ಭಾವನೆ ನಮ್ಮಲ್ಲಿ ಕೆಲವರಿಗೆ ಇದೆ. ಸಂತ ಪೌಲರನ್ನು ನೆನಪಿಸಿಕೊಳ್ಳಿ. ತಮ್ಮ ಮೇಲಿನ ಆರೋಪಕ್ಕೆ ಆಧಾರವಿಲ್ಲದಿದ್ದಾಗ ಅವರು ರೋಮಿನ ಪೌರರಾಗಿ ಚಕ್ರವರ್ತಿಗೇ ಮೇಲ್ಮನವಿ ಸಲ್ಲಿಸಿದರು. ಪ್ರೇಷಿತರ ಕಾರ್ಯಕಲಾಪಗಳ 25ನೇ ಅಧ್ಯಾಯದಲ್ಲಿ ಈ ಪ್ರಸಂಗವಿದೆ. ತೆರಿಗೆ ಸಲ್ಲಬೇಕಾದವರಿಗೆ ತೆರಿಗೆ ಸಲ್ಲಿಸಿ ಎಂದು ಬರೆದವರೂ ಅವರೇ. ಕಾನೂನಿಗೆ ತಲೆಬಾಗುವುದು, ಅನ್ಯಾಯವಾದಾಗ ಕಾನೂನಿನ ದಾರಿಯಲ್ಲಿಯೇ ಕೇಳುವುದು, ಎರಡೂ ಒಳ್ಳೆಯ ನಾಗರಿಕರ ಲಕ್ಷಣ. ಇಂದು ಒಂದು ಚಿಕ್ಕ ಚೀಟಿಗೆ ಅರ್ಜಿ ಬರೆಯಲು ಕಲಿತವರು ನಾಳೆ ಪಡಿತರ ಚೀಟಿಗೆ, ಪಿಂಚಣಿಗೆ, ಮನೆ ತೆರಿಗೆಯ ತಪ್ಪಿಗೆ ತಾವೇ ಬರೆಯಬಲ್ಲರು.

ನೆನಪಿಡಿ

• ಕಟ್ಟುವ ಮೊದಲು ಓದಿ.
• ಸಂದೇಶದ ಕೊಂಡಿ ಒತ್ತಬೇಡಿ, ಫೈಲ್ ತೆರೆಯಬೇಡಿ.
• ತಪ್ಪು ನಮ್ಮದಾದರೆ ಕಟ್ಟಿ, ರಶೀದಿ ಇಡಿ.
• ತಕರಾರು ಬರವಣಿಗೆಯಲ್ಲಿ, ಸಮಯದೊಳಗೆ, ಸ್ವೀಕೃತಿಯೊಂದಿಗೆ.
• ಮಹಿಳೆಗೆ ಉಚಿತ ಕಾನೂನು ನೆರವು: 15100. ಸೈಬರ್ ಮೋಸಕ್ಕೆ: 1930.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಎಷ್ಟು ಸದಸ್ಯೆಯರ ಹೆಸರಿನಲ್ಲಿ ಗಾಡಿ ಇದೆ? ಅದನ್ನು ಯಾರು ಓಡಿಸುತ್ತಾರೆ? ಆರ್‌ಸಿಯಲ್ಲಿ ಯಾರ ಮೊಬೈಲ್ ನಂಬ್ರ ಇದೆ?
2. ಮಾರಿದ ಗಾಡಿ ಇನ್ನೂ ನಮ್ಮ ಹೆಸರಿನಲ್ಲಿಯೇ ಉಳಿದಿದೆಯೇ?
3. ತಲ್ಲೂರು ಪೇಟೆಯಲ್ಲಿ, ಚರ್ಚಿನ ಹಬ್ಬದ ದಿನ, ಸಂತೆಯ ದಿನ ಗಾಡಿಗಳನ್ನು ಎಲ್ಲಿ ನಿಲ್ಲಿಸುತ್ತೇವೆ? ಯಾರಿಗೆ ತೊಂದರೆಯಾಗುತ್ತದೆ? ನಿಲುಗಡೆಗೆ ಜಾಗ ಗುರುತು ಮಾಡಿಕೊಡಿ ಎಂದು ಗ್ರಾಮ ಸಭೆಯಲ್ಲಿ ಕೇಳೋಣವೇ?

ಚಟುವಟಿಕೆ: ಇಬ್ಬಿಬ್ಬರಾಗಿ ಕುಳಿತು ಮೇಲಿನ ಮಾದರಿ ಅರ್ಜಿಯನ್ನು ತುಂಬಿಸಿ. ಓದಲು ಬಾರದ ಸದಸ್ಯೆಗೆ ಪಕ್ಕದವರು ಓದಿ ಹೇಳಲಿ, ಕಾರಣವನ್ನು ಆಕೆಯ ಮಾತಿನಲ್ಲಿಯೇ ಬರೆಯಲಿ. ಒಂದು ಖಾಲಿ ಪ್ರತಿಯನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಅಂಟಿಸಿ ಇಡಿ. ಯಾರಿಗೆ ಯಾವಾಗ ಬೇಕಾಗುತ್ತದೋ ಹೇಳಲಾಗದು.